ನವೀಕರಿಸಿದ ಹಳೆಯ ಮುರಕಲ್ಲಿನ ಮನೆಯಲ್ಲಿ ಒಸರು, ಬೂಸ್ಟು, ಸೆಕೆ: ಮೂಲ ಪತ್ತೆಹಚ್ಚುವ ಕ್ರಮ

ದೂರು ಮತ್ತು ಅದರ ವ್ಯಾಪ್ತಿ

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಮುಂತಾದ ಕಡೆಗಳಲ್ಲಿ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಯೂ ಮಂಗಳೂರು ಹಂಚಿನ ಮಾಡೂ ಇರುವ ಹಳೆಯ ಮನೆಗಳನ್ನು, ಶಾಲಾ ಕಟ್ಟಡಗಳನ್ನು ಕೆಡವದೆ ದುರಸ್ತಿ ಮಾಡಿ ಹೋಂಸ್ಟೇ, ವಾಚನಾಲಯ, ಚಿಕಿತ್ಸಾಲಯ ಅಥವಾ ಕಚೇರಿಯಾಗಿ ಬಳಸುವ ಕೆಲಸ ನಡೆಯುತ್ತಿದೆ. ದುರಸ್ತಿ ಮುಗಿದ ಮೊದಲ ಮಳೆಗಾಲದಲ್ಲೇ ಹಲವು ಕಡೆ ಒಂದೇ ಬಗೆಯ ದೂರು ಕೇಳಿಬರುತ್ತದೆ. ಮೊಣಕಾಲೆತ್ತರದವರೆಗೆ ಬಣ್ಣ ಗುಳ್ಳೆ ಎದ್ದು ಉದುರುತ್ತದೆ, ಬಿಳಿಯ ಉಪ್ಪು ಹೂವಿನಂತೆ ಅರಳುತ್ತದೆ, ಕಪಾಟಿನ ಬಟ್ಟೆಗೆ ಬೂಸ್ಟಿನ ವಾಸನೆ ಹಿಡಿಯುತ್ತದೆ, ಏಪ್ರಿಲ್ ಬಂದಾಗ ಕೋಣೆಯಲ್ಲಿ ಕೂರಲಾಗದಷ್ಟು ಸೆಕೆಯಾಗುತ್ತದೆ, ವಿದ್ಯುತ್ ಬಿಲ್ಲು ಏರುತ್ತದೆ. ಮೊದಲು ಹೀಗಿರಲಿಲ್ಲ ಎಂದು ಮನೆಯವರು ಹೇಳುವ ಮಾತು ಸಾಮಾನ್ಯವಾಗಿ ನಿಜವೇ ಆಗಿರುತ್ತದೆ, ಆದ್ದರಿಂದ ಪರೀಕ್ಷೆಯನ್ನು ಆ ಮಾತಿನಿಂದಲೇ ಆರಂಭಿಸುವುದು ಒಳ್ಳೆಯದು.

ಇಲ್ಲಿ ಹೇಳಿರುವ ಕ್ರಮ ಸುಣ್ಣದ ಗಾರೆಯಲ್ಲೋ ಮಣ್ಣಿನಲ್ಲೋ ಕಟ್ಟಿದ ದಪ್ಪ ಮುರಕಲ್ಲಿನ ಗೋಡೆ ಮತ್ತು ಮರದ ಪಕ್ಕಾಸಿನ (ಮಾಡನ್ನು ಹೊರುವ ಓರೆ ಮರದ) ಮೇಲೆ ಹಂಚು ಹೊದಿಸಿದ ಕಟ್ಟಡಗಳಿಗೆ ಸಂಬಂಧಿಸಿದ್ದು. ಕಾಂಕ್ರೀಟಿನ ತಾರಸಿ ಮನೆಗಳಿಗೆ ಇದನ್ನು ಹಾಗೆಯೇ ಅನ್ವಯಿಸಲಾಗದು. ಗೋಡೆ ಬಿರುಕುಬಿಟ್ಟು ಬಿರುಕು ಅಗಲವಾಗುತ್ತಿದ್ದರೆ, ಅಥವಾ ಗೋಡೆ ಹೊರಕ್ಕೆ ವಾಲಿದ್ದರೆ, ಮುಂದಿನ ಯಾವ ಪರೀಕ್ಷೆಯನ್ನೂ ಮಾಡುವ ಮೊದಲು ರಚನಾ ಎಂಜಿನಿಯರರನ್ನು ಕರೆಸಬೇಕು.

ಕಟ್ಟಡ ಮೊದಲು ಹೇಗೆ ಕೆಲಸ ಮಾಡುತ್ತಿತ್ತು

ಮುರಕಲ್ಲು ತೂತುತೂತಾದ ಕಲ್ಲು. ಗೋಡೆ ಕಟ್ಟಲು ಬಳಸುವ ಮುರಕಲ್ಲಿಗೆ ಸಂಬಂಧಿಸಿದ ಭಾರತೀಯ ಮಾನಕ ಐ.ಎಸ್. 3620, ಕಲ್ಲು ತನ್ನ ತೂಕದ ಶೇ. 12ಕ್ಕಿಂತ ಹೆಚ್ಚು ನೀರು ಹೀರಬಾರದು ಎನ್ನುತ್ತದೆ. ಅಂದರೆ 30 ಕಿಲೋ ತೂಗುವ ಒಂದು ಒಳ್ಳೆಯ ಕಲ್ಲು ಕೂಡ ಮೂರೂವರೆ ಲೀಟರಿನಷ್ಟು ನೀರನ್ನು ತನ್ನೊಳಗೆ ಹಿಡಿದುಕೊಳ್ಳಬಲ್ಲದು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಕಾಸರಗೋಡಿನಲ್ಲಿ ಇಂತಹ ಕಲ್ಲಿನಿಂದ ಕಟ್ಟಿದವರು ಗೋಡೆ ಒದ್ದೆಯಾಗುವುದೇ ಇಲ್ಲ ಎಂದುಕೊಂಡು ಕಟ್ಟಲಿಲ್ಲ. ಒದ್ದೆಯಾದದ್ದು ಒಣಗಲು ದಾರಿಯಿಟ್ಟು ಕಟ್ಟಿದರು. ಎತ್ತರದ ಪಂಚಾಂಗ (ಗೋಡೆಯ ಅಡಿಯ ಕಲ್ಲಿನ ಪೀಠ), ಉದ್ದಕ್ಕೆ ಚಾಚಿದ ಇಳಿಮಾಡು, ಆವಿಯನ್ನು ಹೊರಬಿಡುವ ಸುಣ್ಣದ ಗಾರೆ, ವರ್ಷಕ್ಕೊಮ್ಮೆ ಬಳಿಯುವ ತೆಳು ಸುಣ್ಣ, ಮಳೆ ಬಡಿಯುವ ಬದಿಗೆ ಮಳೆಗಾಲಕ್ಕೆಂದು ಕಟ್ಟುವ ಮಡಲಿನ ತಟ್ಟಿ, ಇವೆಲ್ಲ ಆ ದಾರಿಯ ಭಾಗಗಳು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ ಮುಳಿಹುಲ್ಲಿನ ಜಾಗಕ್ಕೆ ಬಂದ ಹಂಚು ಕೂಡ ಒಂದಕ್ಕೊಂದು ಸಿಕ್ಕಿಕೊಂಡು ಮಳೆಯನ್ನು ತಡೆಯುತ್ತದೆ, ಆದರೆ ಸಂದುಗಳ ಮೂಲಕ ಬಿಸಿಗಾಳಿಯನ್ನು ಹೊರಗೆ ಬಿಡುತ್ತದೆ.

ನವೀಕರಣದ ನಂತರ ಕಾಣಿಸುವ ದೋಷಗಳಲ್ಲಿ ಹೆಚ್ಚಿನವು ಹೊಸದಾಗಿ ನೀರು ಬಂದುದರಿಂದ ಹುಟ್ಟಿದವಲ್ಲ, ಬಂದ ನೀರು ಮತ್ತು ಶಾಖ ಹೊರಹೋಗುವ ದಾರಿ ಮುಚ್ಚಿಹೋದುದರಿಂದ ಹುಟ್ಟಿದವು ಎಂಬುದು ನನ್ನ ಖಚಿತ ಅಭಿಪ್ರಾಯ. ಇದರಲ್ಲಿ ವಿದ್ಯುತ್ತಿನ ಲೆಕ್ಕವೂ ಅಡಗಿದೆ. ಒದ್ದೆ ಗೋಡೆ ಒಣ ಗೋಡೆಗಿಂತ ವೇಗವಾಗಿ ಶಾಖವನ್ನು ದಾಟಿಸುತ್ತದೆ, ಒದ್ದೆ ಕೋಣೆಯ ಗಾಳಿಯಿಂದ ತೇವ ತೆಗೆಯುವುದಕ್ಕೇ ಏಸಿಯ ಶ್ರಮದ ದೊಡ್ಡ ಪಾಲು ಹೋಗುತ್ತದೆ. ಆದ್ದರಿಂದ ಇಂಧನ ಉಳಿತಾಯದ ಉಪಕರಣಗಳ ಮಾತು ಈ ಕೈಪಿಡಿಯಲ್ಲಿ ಕೊನೆಗೆ ಬರುತ್ತದೆ.

ಮೊದಲ ವಿಚಾರಣೆ: ಏನೇನು ಬದಲಾಯಿತು

ಗೋಡೆಗೆ ಕೈಹಚ್ಚುವ ಮೊದಲು ನವೀಕರಣದಲ್ಲಿ ಮಾಡಿದ ಕೆಲಸಗಳನ್ನೆಲ್ಲ ಮೇಸ್ತ್ರಿಯನ್ನು ಕೇಳಿ ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ಸಿಮೆಂಟ್ ಸಾರಣೆ, ಪುಟ್ಟಿ, ಪ್ಲಾಸ್ಟಿಕ್ ಎಮಲ್ಷನ್ ಬಣ್ಣ, ಸೆಗಣಿ ಸಾರಿಸಿದ ಅಥವಾ ಕಾವಿಯ ನೆಲದ ಮೇಲೆ ಹಾಸಿದ ಟೈಲ್ಸ್, ಅಂಗಳಕ್ಕೆ ಹಾಕಿದ ಇಂಟರ್‌ಲಾಕ್, ಜಿಪ್ಸಮ್ ಫಾಲ್ಸ್ ಸೀಲಿಂಗ್, ಅಲ್ಯೂಮಿನಿಯಂ ಜಾರುಕಿಟಕಿ, ಕೋಣೆಗೆ ಹೊಂದಿಸಿದ ಹೊಸ ಬಚ್ಚಲು, ಏಸಿ, ಹಂಚಿನ ಮೇಲೆ ಕೂರಿಸಿದ ಸೌರಫಲಕ: ಇವುಗಳಲ್ಲಿ ಯಾವುದು ಯಾವ ಕೋಣೆಯಲ್ಲಿ ಆಯಿತು ಎಂಬುದು ತಿಳಿದರೆ ದೋಷದ ನಕ್ಷೆಯ ಅರ್ಧ ಸಿಕ್ಕಂತೆ. ಮನೆಯ ಹಳೆಯ ಮದುವೆ ಫೋಟೋಗಳಿದ್ದರೆ ತರಿಸಿಕೊಳ್ಳಿ. ಜಗಲಿಗೆ ಹತ್ತಲು ಅಂದು ನಾಲ್ಕು ಮೆಟ್ಟಿಲಿದ್ದು ಇಂದು ಎರಡೇ ಕಾಣುತ್ತಿದ್ದರೆ ಅಂಗಳದ ಮಟ್ಟ ಏರಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಪರೀಕ್ಷೆಗೆ ಸರಿಯಾದ ಕಾಲ ಜೂನ್‌ನಿಂದ ಸೆಪ್ಟೆಂಬರ್, ದುರಸ್ತಿಗೆ ಸರಿಯಾದ ಕಾಲ ಜನವರಿಯಿಂದ ಏಪ್ರಿಲ್. ಬೇಸಗೆಯಲ್ಲಿ ಬಂದು ಒಣ ಗೋಡೆ ನೋಡಿ ವಾಟರ್‌ಪ್ರೂಫಿಂಗ್ ದರಪಟ್ಟಿ ಕೊಡುವವರ ಮಾತನ್ನು ನಂಬಿ ಹಣ ಸುರಿಯುವುದಕ್ಕಿಂತ ಒಂದು ಮಳೆಗಾಲ ಕಾದು ನೋಡುವುದು ಮೇಲು.

ಒದ್ದೆಯ ಜಾಗ, ಎತ್ತರ, ಹೊತ್ತು

ಗೋಡೆಯ ಒದ್ದೆಗೆ ಮೂಲ ಒಂದೇ ಇರಬೇಕೆಂದಿಲ್ಲ, ಆದರೆ ಪ್ರತಿಯೊಂದು ಮೂಲವೂ ತನ್ನದೇ ಗುರುತು ಬಿಡುತ್ತದೆ. ನೆಲದಿಂದ ಸುಮಾರು ಒಂದು ಮೀಟರಿನೊಳಗೆ, ಮೇಲಂಚು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ, ಒಳಗೋಡೆಗಳಲ್ಲಿ ಕೂಡ ಕಾಣುವ ಒದ್ದೆ ನೆಲದಿಂದ ಏರಿದ್ದು. ನೈಋತ್ಯದ ಹೊರಗೋಡೆಯಲ್ಲಿ ಮಾತ್ರ, ಗಾಳಿಮಳೆಯ ದಿನಗಳಲ್ಲಿ ಮಾತ್ರ ಕಾಣುವುದು ಮಳೆಯ ಹೊಡೆತದ್ದು. ತೊಲೆಯ ತುದಿ, ಮಾಡುಗಳು ಕೂಡುವ ಮೂಲೆ, ಗೋಡೆಯ ನೆತ್ತಿ ಇವುಗಳಿಂದ ಕೆಳಕ್ಕೆ ನಾಲಗೆಯಂತೆ ಇಳಿದ ಕಂದು ಕಲೆ ಮಾಡಿನ ಸೋರಿಕೆಯದ್ದು. ಕಪಾಟಿನ ಹಿಂದೆ, ಮಂಚದ ತಲೆಯ ಬಳಿ, ಗಾಳಿಯಾಡದ ಮೂಲೆಯಲ್ಲಿ ಅಂಚಿಲ್ಲದೆ ಚುಕ್ಕೆಚುಕ್ಕೆಯಾಗಿ ಹರಡಿದ ಕಪ್ಪು ಬೂಸ್ಟು ಗಾಳಿಯ ತೇವ ತಣ್ಣಗಿನ ಗೋಡೆಯ ಮೇಲೆ ಕೂತದ್ದು.

ಹೊತ್ತು ಕೂಡ ಸಾಕ್ಷಿಯೇ. ಮಳೆ ಶುರುವಾದ ಒಂದು ಗಂಟೆಯೊಳಗೆ ಕಲೆ ದೊಡ್ಡದಾದರೆ ಹಂಚನ್ನೋ ಬಿರುಕನ್ನೋ ಹುಡುಕಬೇಕು. ಮಳೆ ಹಿಡಿದು ಹಲವು ದಿನಗಳಾದ ಮೇಲೆ ಒಸರಲು ತೊಡಗಿ, ಮಳೆ ನಿಂತ ಮೇಲೂ ವಾರಗಟ್ಟಲೆ ಒಸರುತ್ತಿದ್ದರೆ ಮೂಲ ಗುಡ್ಡದಲ್ಲಿದೆ. ಮಾರ್ಚ್ ತಿಂಗಳಲ್ಲೂ ಒದ್ದೆಯಿದ್ದರೆ ಪೈಪನ್ನು ಶಂಕಿಸಬೇಕು. ಪೈಪಿನ ಶಂಕೆ ಪರಿಹರಿಸುವುದು ಸುಲಭ: ರಾತ್ರಿ ಎಲ್ಲ ನಲ್ಲಿಗಳನ್ನು ಮುಚ್ಚಿ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಗ್ಗೆ ನೋಡಿದರೆ ಸಾಕು.

ಗೋಡೆಯ ಒಳಗಿನಿಂದ ಬಂದ ತೇವವೋ ಕೋಣೆಯ ಗಾಳಿಯಿಂದ ಬಂದದ್ದೋ ಎಂಬ ಸಂದೇಹ ಬಂದಾಗ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯ ಒಂದು ಚದರ ಅಡಿಯ ತುಂಡನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚುಗಳಿಗೆ ಟೇಪು ಹಚ್ಚಿ ಎರಡು ದಿನ ಬಿಡಬೇಕು. ಹಾಳೆಯ ಹೊರಮೈ ಬೆವರಿದ್ದರೆ ಅದು ಗಾಳಿಯ ತೇವ. ತೆಗೆದಾಗ ಗೋಡೆಯ ಕಡೆಯ ಮೈ ಒದ್ದೆಯಾಗಿದ್ದರೆ ಗೋಡೆಯೇ ಒದ್ದೆ. ಎರಡೂ ಬದಿ ಒದ್ದೆಯಾಗಿರುವ ಕೋಣೆಗಳೂ ಸಿಗುತ್ತವೆ, ಅಲ್ಲಿ ಎರಡೂ ಮೂಲಗಳನ್ನು ಬೇರೆಬೇರೆಯಾಗಿ ಸರಿಪಡಿಸಬೇಕು.

ಇನ್ನೂ ಖಚಿತವಾದ ಉತ್ತರ ಬೇಕಿದ್ದಲ್ಲಿ ಗೋಡೆಯಿಂದ ಪುಡಿ ತೆಗೆದು ತೂಗಬೇಕು. ನೆಲದಿಂದ ಒಂದು ಅಡಿ, ಮೂರು ಅಡಿ, ಐದು ಅಡಿ ಎತ್ತರಗಳಲ್ಲಿ ನಿಧಾನವಾಗಿ ಡ್ರಿಲ್ ಮಾಡಿ, ಮೇಲ್ಮೈಯ ಸಾರಣೆಯ ಪುಡಿಯನ್ನು ಬೇರೆ, ಒಳಗಿನ ಕಲ್ಲಿನ ಪುಡಿಯನ್ನು ಬೇರೆ ಎಂದು ಬಿಗಿ ಮುಚ್ಚಳದ ಡಬ್ಬಿಗಳಲ್ಲಿ ಹಿಡಿದು, ಚಿನ್ನ ತೂಗುವಂತಹ ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ, 105 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಬೇಕು. ಕಳೆದುಹೋದ ತೂಕವೇ ನೀರು. ಕೆಳಗೆ ಹೆಚ್ಚು, ಮೇಲೆ ಹೋದಂತೆ ಕಡಿಮೆ ಇದ್ದರೆ ನೆಲದಿಂದ ಏರಿದ ನೀರು. ಸಾರಣೆ ಮಾತ್ರ ಒದ್ದೆಯಿದ್ದು ಒಳಗಿನ ಕಲ್ಲು ಒಣಗಿದ್ದರೆ ಗಾಳಿಯ ತೇವ ಅಥವಾ ಉಪ್ಪು. ಎಲ್ಲ ಎತ್ತರದಲ್ಲೂ ಒಳಗಿನ ಕಲ್ಲೇ ಒದ್ದೆಯಿದ್ದರೆ ಹಿಂಬದಿಯಿಂದ ನೀರು ತುಂಬುತ್ತಿದೆ.

ಎರಡು ಮೊಳೆಯಂತಹ ತುದಿಗಳಿರುವ ತೇವಮಾಪಕವನ್ನು ಗೋಡೆಗೆ ಚುಚ್ಚಿ ಕೆಂಪು ದೀಪ ತೋರಿಸುವ ಪದ್ಧತಿಯ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಆ ಉಪಕರಣ ಅಳೆಯುವುದು ವಿದ್ಯುತ್ತು ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನು. ಗೋಡೆಯಲ್ಲಿ ಉಪ್ಪಿದ್ದರೆ ಸ್ವಲ್ಪವೇ ತೇವಕ್ಕೂ ಅದು ತುಂಬ ಒದ್ದೆ ಎಂದು ತೋರಿಸುತ್ತದೆ. ಮರಕ್ಕೆ ಅದು ಒಳ್ಳೆಯ ಸಾಧನ, ಕರಾವಳಿಯ ಹಳೆಯ ಗೋಡೆಗೆ ಅಲ್ಲ.

ನೆಲದಿಂದ ಏರುವ ನೀರು

ಹೆಚ್ಚು ಮನೆಗಳಲ್ಲಿ ಕಾಣುವ ದೋಷ ಇದೇ ಆದ್ದರಿಂದ ಇದಕ್ಕೆ ಹೆಚ್ಚು ಜಾಗ ಕೊಡುತ್ತೇನೆ. ಅಂಗಳಕ್ಕೆ ಜಲ್ಲಿಪುಡಿ ಹರಡಿ ಇಂಟರ್‌ಲಾಕ್ ಹಾಕಿದಾಗ ಮಟ್ಟ ಅರ್ಧ ಅಡಿಯಷ್ಟು ಏರುತ್ತದೆ, ಪಂಚಾಂಗದ ಗಟ್ಟಿ ಕಲ್ಲು ಹೂತುಹೋಗಿ ಗೋಡೆಯ ಕಲ್ಲೇ ಒದ್ದೆ ಮಣ್ಣಿಗೆ ತಾಗುತ್ತದೆ. ಇಳಿಮಾಡಿನಿಂದ ಬೀಳುವ ನೀರು ಮೊದಲು ಮಣ್ಣಿನಲ್ಲೋ ಹುಲ್ಲಿನಲ್ಲೋ ಇಂಗುತ್ತಿತ್ತು, ಈಗ ಗಟ್ಟಿ ನೆಲಕ್ಕೆ ಬಡಿದು ಗೋಡೆಗೆ ಸಿಡಿಯುತ್ತದೆ. ಮಾಡಿನ ನೀರನ್ನು ಹಿಡಿದು ಸಾಗಿಸುವ ಅಡಿಕೆ ಮರದ ದಂಬೆಯನ್ನೋ ಅದರ ಬದಲಿಗೆ ಬಂದ ಪಿ.ವಿ.ಸಿ. ದಂಬೆಯನ್ನೋ ಅಂದ ಕೆಡುತ್ತದೆಂದು ತೆಗೆದುಹಾಕಿದ್ದರೆ ಈ ಸಿಡಿತ ಇನ್ನೂ ಹೆಚ್ಚು.

ಒಳಗೆ ನಡೆಯುವುದು ಕಣ್ಣಿಗೆ ಕಾಣದ ಕೆಲಸ. ಸೆಗಣಿ ಸಾರಿಸಿದ ನೆಲ ತನ್ನ ಇಡೀ ಮೈಯಿಂದ ಮಣ್ಣಿನ ತೇವವನ್ನು ನಿಧಾನವಾಗಿ ಬಿಡುತ್ತಿತ್ತು. ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಕಾಂಕ್ರೀಟು, ವಿಟ್ರಿಫೈಡ್ ಟೈಲ್ಸ್ ಬಂದಾಗ ಆ ತೇವಕ್ಕೆ ಮೇಲೆ ಬರಲು ಉಳಿಯುವ ದಾರಿ ಗೋಡೆ ಮಾತ್ರ. ಆ ಗೋಡೆಗೂ ಸಿಮೆಂಟ್ ಸಾರಣೆ ಮಾಡಿದ್ದರೆ ನೀರು ಸಾರಣೆ ಮುಗಿಯುವ ಎತ್ತರದವರೆಗೆ ಹತ್ತಿ ಅದರ ಮೇಲಂಚಿನಲ್ಲಿ ಹೊರಬರುತ್ತದೆ. ಒಸರು ಕಂಡಿತೆಂದು ಸಾರಣೆಯನ್ನು ಇನ್ನೆರಡು ಅಡಿ ಏರಿಸಿದವರ ಮನೆಯಲ್ಲಿ ಕಲೆಯೂ ಎರಡು ಅಡಿ ಏರುವುದು ಇದರಿಂದಲೇ.

ಪರಿಹಾರದ ಕ್ರಮ ಹೊರಗಿನಿಂದ ಒಳಕ್ಕೆ ಸಾಗಬೇಕು. ಗೋಡೆಗೆ ತಾಗಿದ ಇಂಟರ್‌ಲಾಕನ್ನು ಒಂದೂವರೆಯಿಂದ ಎರಡು ಅಡಿ ಅಗಲಕ್ಕೆ ಎತ್ತಿ, ಒಳನೆಲಕ್ಕಿಂತ ಕನಿಷ್ಠ ಅರ್ಧ ಅಡಿ ಕೆಳಗಿನವರೆಗೆ ಮಣ್ಣು ತೆಗೆದು, ಗೋಡೆಯಿಂದ ಹೊರಕ್ಕೆ ಇಳಿಜಾರು ಕೊಟ್ಟು ಜಲ್ಲಿ ತುಂಬಿ, ನೀರು ತೋಟದ ಕಣಿಗೆ (ಕಾಲುವೆಗೆ) ಹೋಗುವಂತೆ ಮಾಡಬೇಕು. ಅಗೆಯುವಾಗ ಪಂಚಾಂಗದ ಬುಡಕ್ಕಿಂತ ಕೆಳಗೆ ಹೋಗಬಾರದು. ದಂಬೆ ಮತ್ತೆ ಕಟ್ಟಬೇಕು. ಆ ಬಳಿಕ ಕಲೆಯ ಅಂಚಿಗಿಂತ ಒಂದೂವರೆ ಅಡಿ ಮೇಲಿನವರೆಗೆ ಸಿಮೆಂಟ್ ಸಾರಣೆಯನ್ನು ಉಳಿಯಿಂದ ಜೋಪಾನವಾಗಿ ಬಿಡಿಸಬೇಕು. ಬ್ರೇಕರ್ ಯಂತ್ರ ಬಳಸಿದರೆ ಕಲ್ಲಿನ ಗಟ್ಟಿಯಾದ ಹೊರಮೈಯೂ ಕಿತ್ತುಬರುತ್ತದೆ. ಗಾಳಿಗೆ ತೆರೆದುಕೊಂಡಂತೆ ಗಟ್ಟಿಯಾಗುವುದು ಮುರಕಲ್ಲಿನ ಗುಣ, ಆ ಹೊರಮೈ ಒಮ್ಮೆ ಹೋದರೆ ಒಳಗಿನ ಮೆತ್ತಗಿನ ಭಾಗ ಬೇಗ ಸವೆಯುತ್ತದೆ.

ಬಿಡಿಸಿದ ಗೋಡೆ ಒಣಗಲು ಮನೆಯವರು ಕೊಡುವ ಸಮಯ ಯಾವಾಗಲೂ ಕಡಿಮೆಯೇ. ಅಂಗುಲ ದಪ್ಪಕ್ಕೆ ಒಂದು ತಿಂಗಳು ಎಂಬುದು ಹಳೆಯ ಕಟ್ಟಡಗಳ ಕೆಲಸದವರು ಬಳಸುವ ಸ್ಥೂಲ ಲೆಕ್ಕ. ಒಂದೂವರೆ ಅಡಿಯ ಗೋಡೆ ಒಂದು ಬೇಸಗೆಯಲ್ಲಿ ಪೂರ್ತಿ ಒಣಗದು ಎಂಬುದು ಇದರಿಂದಲೇ ತಿಳಿಯುತ್ತದೆ. ಆದ್ದರಿಂದ ಮೊದಲ ವರ್ಷ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನ ಸಾದಾ ಗಾರೆ ಮಾಡಿ, ಮೇಲೆ ತೆಳು ಸುಣ್ಣ ಬಳಿದು ಬಿಟ್ಟುಬಿಡುವುದು ಉಚಿತ. ಈ ಗಾರೆಯ ಸ್ವಲ್ಪ ಭಾಗ ಉಪ್ಪಿನಿಂದ ಉದುರಿದರೂ ಚಿಂತೆಯಿಲ್ಲ, ಕಲ್ಲಿನ ಬದಲು ತಾನು ಸವೆಯುವುದೇ ಅದರ ಕೆಲಸ. ಸುಣ್ಣ ಸುಡಲು ಸುಮಾರು 900 ಡಿಗ್ರಿ ಶಾಖ ಸಾಕು, ಸಿಮೆಂಟಾಗಿ ಪುಡಿಮಾಡುವ ಕ್ಲಿಂಕರ್ ಉಂಡೆಗಳನ್ನು ಸುಡಲು 1,450 ಡಿಗ್ರಿಯಷ್ಟು ಬೇಕು. ಜೊತೆಗೆ ಗಾರೆ ಗಟ್ಟಿಯಾಗುವಾಗ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಮರಳಿ ಹೀರುತ್ತದೆ. ಪರಿಸರದ ದೃಷ್ಟಿಯಿಂದ ಸುಣ್ಣವನ್ನು ಆರಿಸಿದವರಿಗೆ ಗೋಡೆಯ ಆರೋಗ್ಯವೂ ಸಿಗುತ್ತದೆ.

ಏರುವ ನೀರಿಗೆ ತಡೆಯ ಪಟ್ಟಿಯಾಗಲೆಂದು ಗೋಡೆಗೆ ಸಾಲಾಗಿ ತೂತು ಕೊರೆದು ರಾಸಾಯನಿಕ ತುಂಬಿಸುವ ಉಪಾಯವನ್ನು ನಾನು ಮೊದಲಿಗೆ ಸೂಚಿಸುವುದಿಲ್ಲ. ಮುರಕಲ್ಲಿನೊಳಗೆ ಕೊಳವೆಯಂತಹ ಪೊಳ್ಳುಗಳಿರುವುದರಿಂದ ದ್ರವ ಸಿಕ್ಕ ಪೊಳ್ಳಿಗೆ ಹರಿದುಹೋಗುತ್ತದೆ, ತಡೆಯ ಪಟ್ಟಿ ಕಡಿಯದೆ ಕೂಡಿಕೊಳ್ಳುತ್ತದೆಂಬ ಭರವಸೆಯಿಲ್ಲ. ಅಂಗಳ ತಗ್ಗಿಸಿದ ಮೇಲೂ ನೀರು ಏರುತ್ತಿದ್ದರೆ ಆಗ ಆಲೋಚಿಸಬಹುದು.

ಉಪ್ಪು ತುಂಬಿದ ಗೋಡೆ

ದನದ ಹಟ್ಟಿಯನ್ನು ಅತಿಥಿ ಕೋಣೆಯಾಗಿಸಿದಲ್ಲಿ ಅಥವಾ ತೋಟದ ರಸಗೊಬ್ಬರ ಪೇರಿಸಿಡುತ್ತಿದ್ದ ಕೊಟ್ಟಿಗೆಯನ್ನು ಓದುವ ಕೋಣೆ ಮಾಡಿದಲ್ಲಿ ಬೇರೆಲ್ಲೂ ಕಾಣದ ದೋಷವೊಂದು ಕಾಣುತ್ತದೆ. ಗೋಮೂತ್ರದಿಂದ, ಗೊಬ್ಬರದಿಂದ ಗೋಡೆಗೆ ಸೇರಿದ ನೈಟ್ರೇಟ್ ಲವಣಗಳು ಗಾಳಿಯಿಂದಲೇ ತೇವ ಎಳೆದುಕೊಳ್ಳುತ್ತವೆ, ನೆಲದ ನೀರು ನಿಂತ ಮೇಲೂ ಮೋಡ ಕವಿದ ದಿನ ಗೋಡೆ ಬೆವರಿ ಬಿಸಿಲಿನ ದಿನ ಒಣಗುತ್ತದೆ. ಆ ಏರಿಳಿತವೇ ಇದರ ಗುರುತು. ಉಪ್ಪನ್ನು ನೀರಿನಿಂದ ತೊಳೆಯಬಾರದು, ಕರಗಿ ಮತ್ತೆ ಒಳಗೆ ಸೇರುತ್ತದೆ. ಒಣ ಕುಂಚದಿಂದ ಉಜ್ಜಿ, ಉದುರಿದ್ದನ್ನು ಗುಡಿಸಿ ಮನೆಯಿಂದ ದೂರ ಹಾಕಬೇಕು. ಆಮೇಲೆ ಒದ್ದೆ ಜೇಡಿಮಣ್ಣು ಮತ್ತು ಕಾಗದದ ತಿರುಳು ಕಲಸಿದ ದಪ್ಪ ಲೇಪ ಹಚ್ಚಿ, ಅದು ಒಣಗುತ್ತ ಉಪ್ಪನ್ನು ಎಳೆದುಕೊಂಡ ಮೇಲೆ ಕಿತ್ತುಹಾಕಬೇಕು. ಒಂದು ಸಲಕ್ಕೆ ಇದು ಮುಗಿಯುವ ಕೆಲಸವಲ್ಲ. ಉಪ್ಪು ಬಹಳವಿದ್ದರೆ ಆ ಕೋಣೆಯನ್ನು ಮಲಗಲು ಬಳಸದೆ ಸಾಮಾನು ಇಡಲು ಬಿಡುವುದು ಹೆಚ್ಚು ವಿವೇಕದ ನಿರ್ಧಾರ.

ದರೆಯ ಕಡೆಯಿಂದ ಬರುವ ನೀರು

ಗುಡ್ಡ ಕಡಿದು ಸಮತಟ್ಟು ಮಾಡಿ ಕಟ್ಟಿದ ಮನೆಗಳಲ್ಲಿ ಹಿಂಬದಿಯ ಗೋಡೆಗೂ ದರೆಗೂ (ಗುಡ್ಡ ಕಡಿದಾಗ ಉಳಿದ ಕಡಿದಾದ ಬದಿಗೂ) ನಡುವೆ ಹಿಂದಿನವರು ಒಬ್ಬ ಮನುಷ್ಯ ನಡೆಯುವಷ್ಟು ಓಣಿ ಬಿಡುತ್ತಿದ್ದರು. ಮುರಕಲ್ಲಿನ ಪದರದ ಕೆಳಗೆ ನೀರನ್ನು ಸುಲಭವಾಗಿ ಬಿಟ್ಟುಕೊಡದ ಶೇಡಿ ಮಣ್ಣು ಇರುತ್ತದೆ. ಪಾರೆಯ (ಗುಡ್ಡದ ಮೇಲಿನ ಮುರಕಲ್ಲಿನ ಬಯಲಿನ) ಮೇಲೆ ಬಿದ್ದ ಮಳೆ ಕಲ್ಲಿನ ಪೊಳ್ಳುಗಳಲ್ಲಿ ಇಳಿದು ಈ ಮಣ್ಣಿನ ಮೇಲೆ ಅಡ್ಡಕ್ಕೆ ಹರಿಯುತ್ತದೆ. ಎಣ್ಮಕಜೆ, ಪಡ್ರೆ, ಬಾಯಾರು ಕಡೆಯ ಜನ ಗುಡ್ಡಕ್ಕೆ ಅಡ್ಡವಾಗಿ ಸುರಂಗ ತೋಡಿ ಕುಡಿಯುವ ನೀರು ಪಡೆಯುವುದು ಇದೇ ಹರಿವಿನಿಂದ. ಸುರಂಗದಲ್ಲಿ ವರವಾದ ನೀರು ಮಲಗುವ ಕೋಣೆಯ ಹಿಂದೆ ಬಂದರೆ ಒಸರಾಗುತ್ತದೆ.

ನವೀಕರಣದಲ್ಲಿ ಆ ಓಣಿಯನ್ನು ಮುಚ್ಚಿ ಬಚ್ಚಲನ್ನೋ ಅಡುಗೆಮನೆಯನ್ನೋ ದರೆಗೆ ತಾಗಿಸಿ ಕಟ್ಟಿದ್ದರೆ ದೋಷದ ಮೂಲ ಅಲ್ಲಿದೆ. ಒಳಗೋಡೆಗೆ ಎಷ್ಟೇ ಬೆಲೆಯ ಲೇಪ ಹಚ್ಚಿದರೂ ಹಿಂದಿನಿಂದ ಬರುವ ಒತ್ತಡ ಅದನ್ನು ಕಳಚುತ್ತದೆ. ಸಾಧ್ಯವಿದ್ದಲ್ಲಿ ಓಣಿಯನ್ನು ಮತ್ತೆ ತೆರೆಯಬೇಕು, ದರೆಯ ಬುಡದಲ್ಲಿ ಮನೆಯ ನೆಲಕ್ಕಿಂತ ತಗ್ಗಾದ ಕಣಿ ತೆಗೆದು ಎರಡೂ ತುದಿಗಳಿಂದ ನೀರು ಹೊರಹೋಗುವಂತೆ ಮಾಡಬೇಕು. ದರೆ ಕುಸಿಯಬಾರದೆಂದು ಸಿಮೆಂಟ್ ಸಾರಣೆ ಮಾಡುವವರು ನೀರು ಹೊರಬರುವ ತೂತುಗಳನ್ನು ಬಿಡದಿದ್ದರೆ ಕುಸಿತದ ಅಪಾಯ ಇನ್ನೂ ಹೆಚ್ಚುತ್ತದೆ. ಎತ್ತರದ ದರೆಯಾದರೆ ಅದು ಮೇಸ್ತ್ರಿಯ ಅಂದಾಜಿಗೆ ಬಿಡುವ ಕೆಲಸವಲ್ಲ.

ಮಾಡು

ಹಂಚು ಒಡೆಯುವುದಕ್ಕೆ ಮಂಗಗಳು, ನವಿಲುಗಳು, ತೆಂಗಿನ ಮಡಲು ಇವು ಸಾಲದೆಂಬಂತೆ ಕೇಬಲ್ ಎಳೆಯಲು ಹತ್ತಿದವರೂ ಸೇರುತ್ತಾರೆ. ಅಟ್ಟದಲ್ಲಿ ನಿಂತು ನೋಡಿದಾಗ ಬೆಳಕು ಕಂಡ ಕಡೆಯೆಲ್ಲ ಸೋರುತ್ತದೆಂದು ತಿಳಿಯಬಾರದು, ಹಂಚಿನ ಸಂದಿನಲ್ಲಿ ಬೆಳಕು ಸಹಜ. ಪಕ್ಕಾಸಿನ ಮೇಲೆ ನೀರು ಹರಿದ ಕಪ್ಪು ಗೆರೆಯನ್ನು ಹುಡುಕಿ, ಅದು ಎಲ್ಲಿ ಆರಂಭವಾಗುತ್ತದೆಂದು ಮೇಲಕ್ಕೆ ಹಿಂಬಾಲಿಸಬೇಕು. ಕೆಳಗೆ ತೊಟ್ಟಿಕ್ಕುವ ಜಾಗಕ್ಕೂ ಹಂಚು ಒಡೆದ ಜಾಗಕ್ಕೂ ಹಲವು ಅಡಿಗಳ ಅಂತರವಿರುವುದುಂಟು. ನೆತ್ತಿಯ ಹಂಚಿನ ಗಾರೆ ಮತ್ತು ಎರಡು ಮಾಡುಗಳು ಕೂಡುವ ಓಣಿ ಹೆಚ್ಚು ಸೋರುವ ಜಾಗಗಳು. ಓಣಿಯಲ್ಲಿ ಮಾವಿನ, ಹಲಸಿನ ತರಗೆಲೆ ಕೊಳೆತು ನೀರು ಕಟ್ಟಿ ಹಿಂದಕ್ಕೆ ಹಾಯುತ್ತದೆ.

ಪಕ್ಕಾಸಿನ ಬುಡ, ಅಂದರೆ ಗೋಡೆಯ ಮೇಲೆ ಕೂರುವ ತುದಿ, ಮೊದಲು ಕೊಳೆಯುತ್ತದೆ. ಸ್ಕ್ರೂಡ್ರೈವರಿನಿಂದ ಚುಚ್ಚಿದಾಗ ಮೆತ್ತಗೆ ಒಳಹೋದರೆ ಆ ತುದಿಯನ್ನಷ್ಟೇ ಕತ್ತರಿಸಿ ಅದೇ ಜಾತಿಯ ಹಳೆಯ ಮೋಪಿನಿಂದ (ಮರದಿಂದ) ಹೊಂದಿಸಲು ಆಚಾರಿಗೆ ಹೇಳಬೇಕು, ಇಡೀ ಮಾಡನ್ನು ಕಬ್ಬಿಣಕ್ಕೆ ಬದಲಿಸುವ ಅಗತ್ಯ ಬಹಳ ಅಪರೂಪ. ಮರದ ತೇವ ಶೇ. 20ನ್ನು ಮೀರಿ ನಿಂತರೆ ಕೊಳೆ ಹಿಡಿಯುತ್ತದೆ, ಇಲ್ಲಿ ಮೊಳೆತುದಿಯ ಮಾಪಕ ನಂಬಬಹುದು. ಕುಟ್ಟೆ ಮತ್ತು ಒರಲೆಯ ಕಾಟವೂ ಒದ್ದೆ ಮರದಲ್ಲೇ ಹೆಚ್ಚು. ಬೋಗಿ, ಹಲಸಿನಂತಹ ಗಟ್ಟಿ ಮರಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುವ ಪದ್ಧತಿ ಇನ್ನೂ ಪ್ರಯೋಜನಕಾರಿ.

ಹಂಚು ತೆಗೆದು ತಗಡಿನ ಶೀಟು ಹಾಕಿಸಿದವರಿಗೆ ಮಾತ್ರ ಬರುವ ಒಂದು ದೂರಿದೆ. ಮಳೆಯಿಲ್ಲದ ಡಿಸೆಂಬರಿನ ಬೆಳಗ್ಗೆ ಮಾಡು ತೊಟ್ಟಿಕ್ಕುತ್ತದೆ. ಇದು ಸೋರಿಕೆಯಲ್ಲ. ನಿರಭ್ರ ರಾತ್ರಿಯಲ್ಲಿ ತಗಡು ಆಕಾಶಕ್ಕೆ ಶಾಖ ಬಿಟ್ಟು ಗಾಳಿಗಿಂತ ತಣ್ಣಗಾಗಿ, ಒಳಗಿನ ಗಾಳಿಯ ತೇವ ಅದರ ಅಡಿಮೈಯಲ್ಲಿ ಇಬ್ಬನಿಯಾಗಿ ಇಳಿಯುತ್ತದೆ. ಸ್ಕ್ರೂಗಳಿಗೆ ಸೀಲಂಟ್ ಹಚ್ಚಿ ಪ್ರಯೋಜನವಿಲ್ಲ, ತಗಡಿನಡಿ ಶಾಖರೋಧಕ ಪದರ ಮತ್ತು ಗಾಳಿಯಾಡಲು ತೆರವು ಬೇಕು.

ಸೆಕೆ, ಏಸಿ ಮತ್ತು ಬಿಲ್ಲು

ಫಾಲ್ಸ್ ಸೀಲಿಂಗ್ ಹಾಕುವಾಗ ಇಳಿಮಾಡಿನ ಸಂದುಗಳನ್ನು ಇಲಿ, ಬಾವಲಿ ಬರುತ್ತವೆಂದು ಮುಚ್ಚಿಬಿಡುತ್ತಾರೆ. ಅಟ್ಟದಲ್ಲಿ ಒಂದು, ಕೋಣೆಯಲ್ಲಿ ಒಂದು, ಹೊರಗೆ ನೆರಳಿನಲ್ಲಿ ಒಂದು ಉಷ್ಣಮಾಪಕ ಇಟ್ಟು ಮಧ್ಯಾಹ್ನ ಮೂರಕ್ಕೂ ರಾತ್ರಿ ಹತ್ತಕ್ಕೂ ಓದಿಕೊಳ್ಳಬೇಕು. ರಾತ್ರಿಯಲ್ಲೂ ಅಟ್ಟ ಹೊರಗಿನ ಗಾಳಿಗಿಂತ ಬಿಸಿಯಾಗಿಯೇ ಇದ್ದರೆ ಬಿಸಿಗಾಳಿಗೆ ದಾರಿಯಿಲ್ಲ ಎಂದರ್ಥ. ಇಳಿಮಾಡಿನ ಸಂದುಗಳಿಗೆ ತುಕ್ಕು ಹಿಡಿಯದ ಬಲೆ ಹಾಕಿ ತೆರೆದಿಡುವುದು, ನೆತ್ತಿಯಲ್ಲಿ ಗಾಳಿ ಹೋಗುವ ಹಂಚು ಕೂರಿಸುವುದು, ಪಕ್ಕಾಸಿನಡಿ ಗಾಳಿಯ ತೆರವು ಬಿಟ್ಟು ಹೊಳೆಯುವ ಹಾಳೆ ಎಳೆಯುವುದು, ಇವು ಈ ಅನುಕ್ರಮದಲ್ಲೇ ನಡೆಯಬೇಕು.

ಕಿಟಕಿಯ ಲೆಕ್ಕ ಇನ್ನೂ ಸ್ಪಷ್ಟ. ವಸತಿ ಕಟ್ಟಡಗಳಿಗಾಗಿ ಕೇಂದ್ರ ಸರ್ಕಾರ 2018ರಲ್ಲಿ ಹೊರತಂದ ಇಕೋ ನಿವಾಸ್ ಸಂಹಿತಾ, ಬೆಚ್ಚಗಿನ ತೇವದ ಹವೆಯ ಪ್ರದೇಶದಲ್ಲಿ ತೆರೆಯಬಹುದಾದ ಕಿಟಕಿಬಾಗಿಲುಗಳ ವಿಸ್ತಾರ ನೆಲದ ವಿಸ್ತಾರದ ಶೇ. 16.66ಕ್ಕಿಂತ ಕಡಿಮೆಯಿರಬಾರದು ಎನ್ನುತ್ತದೆ. 120 ಚದರ ಅಡಿಯ ಕೋಣೆಗೆ ಇದು 20 ಚದರ ಅಡಿ. ನಾಲ್ಕು ಅಡಿ ಅಗಲ, ಐದು ಅಡಿ ಎತ್ತರದ ಮರದ ಎರಡು ಪಡಿಗಳ ಕಿಟಕಿ ಪೂರ್ತಿ ತೆರೆದರೆ ಲೆಕ್ಕ ಸರಿಹೋಗುತ್ತದೆ. ಅದೇ ತೆರವಿಗೆ ಜಾರುಕಿಟಕಿ ಕೂರಿಸಿದಾಗ ಅರ್ಧ ಮಾತ್ರ ತೆರೆಯುವುದರಿಂದ 10 ಚದರ ಅಡಿ ಉಳಿಯುತ್ತದೆ. ಕಿತ್ತ ಮರದ ಪಡಿಗಳು ಅಟ್ಟದಲ್ಲಿದ್ದರೆ ಅವನ್ನೇ ಮರಳಿ ಕೂರಿಸಬಹುದು. ಮಾರಿಯಾಗಿದ್ದರೆ ಹಳೆ ಮೋಪಿನ ಅಂಗಡಿಗಳಲ್ಲಿ ಅಂಥವು ಸಿಗುತ್ತವೆ.

ಏಸಿ ಹಾಕಿದ ಮೇಲೆ ಬೂಸ್ಟು ಬಂದಿದ್ದರೆ ಕಾರಣ ಇಬ್ಬನಿ ಬಿಂದು. ಗಾಳಿ 30 ಡಿಗ್ರಿ ಬಿಸಿಯಿದ್ದು ಆರ್ದ್ರತೆ ಶೇ. 80 ಇದ್ದಾಗ ಸುಮಾರು 26 ಡಿಗ್ರಿಗಿಂತ ತಣ್ಣಗಿರುವ ಯಾವ ಮೈಯ ಮೇಲೂ ನೀರು ಕೂರುತ್ತದೆ. ಹಂಚಿನ ಮಾಡಿನ ಸಂದುಗಳಿಂದ ಹೊರಗಿನ ಗಾಳಿ ಸದಾ ಒಳಬರುವ ಕೋಣೆಯನ್ನು 18 ಡಿಗ್ರಿಗೆ ಇಳಿಸಿದರೆ ಯಂತ್ರ ನಿಲ್ಲದೆ ಓಡುತ್ತದೆ, ನಡುಗೋಡೆ ತಣಿದು ಪಕ್ಕದ ಏಸಿಯಿಲ್ಲದ ಕೋಣೆಯ ಬದಿಯಲ್ಲಿ ಬೆವರುತ್ತದೆ. ಬೂಸ್ಟು ಏಸಿ ಕೋಣೆಯಲ್ಲಿ ಇಲ್ಲದೆ ಅದರ ಪಕ್ಕದ ಕೋಣೆಯಲ್ಲಿ ಕಂಡರೆ ಬೇರೆ ಪರೀಕ್ಷೆ ಬೇಡ. ಕೋಣೆಯ ಏಸಿಗಳು ಮೊದಲಿಗೆ 24 ಡಿಗ್ರಿಯಲ್ಲೇ ಆರಂಭವಾಗಬೇಕೆಂಬ ನಿಯಮ 2020ರಿಂದ ಇದೆ. ಹಳೆಯ ಗೋಡೆಗೆ 26 ಡಿಗ್ರಿ ಮತ್ತು ಫ್ಯಾನು ಇನ್ನೂ ಒಳ್ಳೆಯದು. ಫ್ಯಾನಿಗೆ ಬಿ.ಎಲ್.ಡಿ.ಸಿ. (ಬ್ರಷ್ ಇಲ್ಲದ ಡಿ.ಸಿ. ಮೋಟಾರಿನ) ಮಾದರಿ ಆರಿಸಿದರೆ ಹಳೆಯದು ತಿನ್ನುವ 75 ವ್ಯಾಟಿನ ಜಾಗದಲ್ಲಿ 30 ವ್ಯಾಟ್ ಆಸುಪಾಸಿನಲ್ಲಿ ಕೆಲಸವಾಗುತ್ತದೆ. ಏಸಿ ಬೇಕೇಬೇಕೆಂದಾದರೆ ಒಂದೆರಡು ಕೋಣೆಗಳಿಗೆ ಮಾತ್ರ ಮುಚ್ಚಿಗೆಯನ್ನು ಗಾಳಿ ಸೋರದಂತೆ ಬಿಗಿಮಾಡಿ ಹಾಕಬೇಕು, ಆ ಕೋಣೆಗಳ ಗೋಡೆಗೆ ವಿನೈಲ್ ಕಾಗದ ಅಂಟಿಸಬಾರದು.

ಬಿಲ್ಲು ಏರಿದ್ದಕ್ಕೆ ಒದ್ದೆ ಗೋಡೆಯೇ ನೇರ ಕಾರಣವಾಗಿರುವ ಸಂದರ್ಭವೂ ಇದೆ. ಎಲ್ಲ ಉಪಕರಣಗಳನ್ನು ಆರಿಸಿ ಮೈನ್ ಮಾತ್ರ ಹಾಕಿಟ್ಟಾಗಲೂ ಮೀಟರಿನ ದೀಪ ಮಿನುಗುತ್ತಿದ್ದರೆ, ಅಥವಾ ಮಳೆ ಬಂದಾಗಲೆಲ್ಲ ಇ.ಎಲ್.ಸಿ.ಬಿ. (ವಿದ್ಯುತ್ ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್ಚು) ಬೀಳುತ್ತಿದ್ದರೆ, ಹಳೆಯ ತಂತಿಯಿಂದ ಗೋಡೆಗೆ ವಿದ್ಯುತ್ ಸೋರುತ್ತಿರಬಹುದು. ಇ.ಎಲ್.ಸಿ.ಬಿ.ಯನ್ನು ತಪ್ಪಿಸಿ ನೇರ ಸಂಪರ್ಕ ಕೊಡಿಸುವುದು ಪ್ರಾಣಕ್ಕೆ ಅಪಾಯ. ಪರವಾನಗಿ ಇರುವ ವಯರ್‌ಮ್ಯಾನ್ ಬಂದು ಒಂದೊಂದೇ ಸರ್ಕಿಟ್ ಬಿಡಿಸಿ ನೋಡುವವರೆಗೆ ಆ ಗೋಡೆಯ ಸ್ವಿಚ್ಚುಗಳನ್ನು ಮುಟ್ಟಬಾರದು.

ಸೌರಫಲಕ ಕೂರಿಸಿದ ಮೇಲೆ ಸೋರಲು ತೊಡಗಿದ್ದರೆ ಕೊಕ್ಕೆಗಳನ್ನು ನೋಡಿ. ಕೊಕ್ಕೆ ಪಕ್ಕಾಸಿಗೆ ಬಿಗಿಯಾಗಿ, ಹಂಚಿನ ಸಂದಿನಿಂದ ಹೊರಬಂದಿರಬೇಕು. ರೀಪಿಗೆ (ಹಂಚು ಕೂರುವ ತೆಳು ಪಟ್ಟಿಗೆ) ಬಿಗಿದಿದ್ದರೆ ಅಥವಾ ಹಂಚನ್ನೇ ಕೊರೆದಿದ್ದರೆ ಗಾಳಿಗೆ ಅಲುಗಿ ಹಂಚು ಒಡೆಯುತ್ತದೆ. ನೀರು ತುಂಬಿದಾಗ ಎರಡು ಕ್ವಿಂಟಲಿಗಿಂತ ಹೆಚ್ಚು ತೂಗುವ 200 ಲೀಟರಿನ ಸೌರ ಬಿಸಿನೀರಿನ ಟ್ಯಾಂಕನ್ನು ಹಳೆಯ ಪಕ್ಕಾಸಿನ ಮೇಲೆ ಇಡಬಾರದು, ಪಕ್ಕದಲ್ಲಿ ಬೇರೆ ಕಂಬ ನಿಲ್ಲಿಸಬೇಕು. ಬೇಕಲ ಕೋಟೆಯಂತಹ ಸಂರಕ್ಷಿತ ಸ್ಮಾರಕದ ಸಮೀಪದಲ್ಲಿ ಮನೆಯಿರುವವರು ಇಂತಹ ಕೆಲಸಕ್ಕೆ ಮುನ್ನ ದೂರ ಅಳೆದುಕೊಳ್ಳಬೇಕು. ಸ್ಮಾರಕದ 100 ಮೀಟರಿನೊಳಗೆ ಹೊಸ ನಿರ್ಮಾಣ ನಿಷಿದ್ಧ, ಅಲ್ಲಿಂದಾಚೆ 200 ಮೀಟರ್ ನಿಯಂತ್ರಿತ ವಲಯ, ದುರಸ್ತಿಗೂ ಸಕ್ಷಮ ಪ್ರಾಧಿಕಾರದ ಅನುಮತಿ ಬೇಕಾಗುತ್ತದೆ.

ಮರುಪರೀಕ್ಷೆ

ದುರಸ್ತಿಯ ಮುಂದಿನ ಆಗಸ್ಟಿನಲ್ಲಿ, ಹಿಂದೆ ಕೊರೆದ ಜಾಗಗಳ ಪಕ್ಕದಲ್ಲೇ ಅದೇ ಎತ್ತರಗಳಲ್ಲಿ ಮತ್ತೆ ಪುಡಿ ತೆಗೆದು ತೂಗಬೇಕು. ಮೂರು ಮತ್ತು ಐದು ಅಡಿಗಳ ಲೆಕ್ಕ ಇಳಿದು ಒಂದು ಅಡಿಯದ್ದು ಮಾತ್ರ ಹಾಗೆಯೇ ಇದ್ದರೆ ಗೋಡೆ ಮೇಲಿನಿಂದ ಒಣಗುತ್ತ ಬರುತ್ತಿದೆ, ಬಣ್ಣಕ್ಕೆ ಇನ್ನೊಂದು ಬೇಸಗೆ ಕಾಯಬೇಕು. ಮೂರೂ ಕಡೆ ಬದಲಾಗದಿದ್ದರೆ ಅಂಗಳದ ಕಡೆ ಮತ್ತೆ ಅಗೆಯುವುದನ್ನು ಬಿಟ್ಟು ದರೆಯ ಬದಿಯನ್ನೂ ಬಚ್ಚಲಿನ ಪೈಪನ್ನೂ ಪರೀಕ್ಷಿಸಬೇಕು. ಒಂದು ಅಡಿಯ ಲೆಕ್ಕ ಇಳಿದು ಐದು ಅಡಿಯದ್ದು ಏರಿದ್ದರೆ ಏಣಿ ತರಿಸಿ ಮಾಡು ಹತ್ತಿಸಿ.